ಕ್ಯಾಂಪಸ್‌ನಲ್ಲಿ ರಕ್ತದಾನ ಶಿಬಿರ ಮಾಡುವುದು ಹೇಗೆ?

ವಿಶ್ವವಿದ್ಯಾಲಯದಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ಇದ್ದಮೇಲೆ ವರ್ಷಕ್ಕೊಂದು ರಕ್ತದಾನ ಶಿಬಿರ ಇದ್ದೇ ಇರುತ್ತದೆ. ಎಷ್ಟು ಯೂನಿಟ್ ಆಯಿತು ಅನ್ನುವುದೇ ಎಲ್ಲರ ಪ್ರಶ್ನೆ. ಆದರೆ ಅಲ್ಲಿಗೆ ಬರುವವರಲ್ಲಿ ಬಹಳ ಮಂದಿಗೆ ಅದು ಮೊದಲ ಸಲ. ಆ ದಿನ ಚೆನ್ನಾಗಿ ನಡೆದರೆ ಅವರು ಮುಂದೆ ಹತ್ತಾರು ವರ್ಷ ರಕ್ತ ಕೊಡುತ್ತಾರೆ. ಕೆಟ್ಟದಾಗಿ ನಡೆದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಮೊದಲ ಸಲ ಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಡೀ ತಯಾರಿ ಮಾಡಿ.

ದಿನಾಂಕ ಕೇಳಿ ಇಟ್ಟುಕೊಳ್ಳಿ

ಹಾಲ್ ಬುಕ್ ಮಾಡುವ ಮೊದಲು ಪರವಾನಗಿ ಇರುವ ರಕ್ತ ಕೇಂದ್ರದವರನ್ನು ಮಾತಾಡಿಸಿ. ನಾವೆಲ್ಲ ಬ್ಲಡ್ ಬ್ಯಾಂಕ್ ಅಂತ ಕರೆಯುವುದು ಅದನ್ನೇ. ನಿಮ್ಮ ಜಿಲ್ಲೆಯಲ್ಲಿ ಯಾವುದಿದೆ ಅಂತ ಇ-ರಕ್ತಕೋಶ ಜಾಲತಾಣದಲ್ಲಿ ಸಿಗುತ್ತದೆ. ‘ನಿಮಗೆ ರಕ್ತದ ಕೊರತೆ ಬೀಳುವುದು ಯಾವಾಗ?’ ಅಂತ ಕೇಳಿ. ಜೂನ್ 14 ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಎಲ್ಲರಿಗೂ ಶಿಬಿರ ಮಾಡಲು ಅವೇ ದಿನಗಳು ಬೇಕು. ಆದರೆ ರಕ್ತವನ್ನು ಅಕ್ಕಿಯ ಹಾಗೆ ಕೂಡಿಡಲು ಆಗುವುದಿಲ್ಲ. ಕೆಂಪು ರಕ್ತಕಣ 35ರಿಂದ 42 ದಿನ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಇರುವುದು ಬರೀ 5 ದಿನ. ಮಳೆಗಾಲದಲ್ಲಿ ಡೆಂಗಿ ಹೆಚ್ಚಾದಾಗ ಬೇಕಾಗುವುದೂ ಅದೇ. ಇನ್ನು ಪರೀಕ್ಷೆ, ಬೇಸಿಗೆ ರಜೆ ಬಂತೆಂದರೆ ಕಾಲೇಜುಗಳ ಶಿಬಿರಗಳೆಲ್ಲ ನಿಂತುಹೋಗುತ್ತವೆ. ರಜೆಗೆ ಮುಂಚಿನ ವಾರ ಒಂದು ಶಿಬಿರ ಇಟ್ಟುಕೊಂಡರೆ ಅದರ ಬೆಲೆ ಜಾಸ್ತಿ.

ದೊಡ್ಡ ಸಂಖ್ಯೆಯ ಆಸೆ ಬೇಡ. 3 ಗಂಟೆಯಲ್ಲಿ 50ರಿಂದ 70 ಜನ, 5 ಗಂಟೆಯಲ್ಲಿ 100ರಿಂದ 120 ಜನ, ನಿಯಮಗಳು ಹಾಕಿಕೊಟ್ಟಿರುವ ಲೆಕ್ಕ ಇದು. ಅದಕ್ಕೂ ಒಬ್ಬ ವೈದ್ಯಾಧಿಕಾರಿ, ಇಬ್ಬರು ನರ್ಸ್, ಮೂವರು ಟೆಕ್ನೀಷಿಯನ್, 6ರಿಂದ 8 ಮಂಚ ಬೇಕು. ಮುನ್ನೂರು ವಿದ್ಯಾರ್ಥಿಗಳು ಹೆಸರು ಕೊಟ್ಟರೆ ಸಂತೋಷವೇ. ಅವರನ್ನು ಮೂರು ಭಾಗ ಮಾಡಿ, ಮೂರು ತಿಂಗಳಿಗೆ ಹಂಚಿ.

ಒಂದು ದಿನ ಮೊದಲು ಉಪನ್ಯಾಸ

ಶಿಬಿರದ ಹಿಂದಿನ ಸಂಜೆ ಸೆಮಿನಾರ್ ಹಾಲ್‌ನಲ್ಲಿ ಒಂದು ಉಪನ್ಯಾಸ ಇಡಿ. ಕ್ಯಾಂಪಸ್ ಸುತ್ತಮುತ್ತಲಿನ ಬಡಾವಣೆಯವರನ್ನೂ ಕರೆಯಿರಿ. ರಕ್ತ ಕೇಂದ್ರದ ವೈದ್ಯರು ಅರ್ಧ ಗಂಟೆ ಮಾತಾಡಲಿ. ಜೊತೆಗೆ, ಒಪ್ಪಿದರೆ, ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಗುವಿನ ತಂದೆಯೋ ತಾಯಿಯೋ ಬಂದು ಹತ್ತು ನಿಮಿಷ ಮಾತಾಡಲಿ. ತೀವ್ರ ಥಲಸ್ಸೇಮಿಯಾ ಇರುವ ಮಕ್ಕಳಿಗೆ ಕೆಲವೇ ವಾರಗಳಿಗೊಮ್ಮೆ ರಕ್ತ ಹಾಕಿಸಲೇಬೇಕು. ಆ ತಾಯಿ ಹೇಳುವುದನ್ನು ಕೇಳಿದ ಮಕ್ಕಳನ್ನು ಮರುದಿನ ಯಾರೂ ಎಳೆದು ತರಬೇಕಾಗುವುದಿಲ್ಲ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಹೆಸರು ಬೇಡ. ಮುಟ್ಟಿನ ಬಗ್ಗೆ, ಕಾಮಾಲೆ ಬಗ್ಗೆ, ಮಾತ್ರೆಗಳ ಬಗ್ಗೆ ಎದ್ದು ನಿಂತು ಕೇಳಲು ಮುಜುಗರ ಅಲ್ವಾ? ಯಾರು ಕೊಡಬಹುದು ಅನ್ನುವುದನ್ನೂ ಅಲ್ಲೇ ಹೇಳಿಬಿಡಿ. ವಯಸ್ಸು 18 ತುಂಬಿರಬೇಕು. ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ ಕನಿಷ್ಠ 12.5 ಗ್ರಾಂ. ಹಚ್ಚೆ ಹಾಕಿಸಿಕೊಂಡು ಒಂದು ವರ್ಷ ಆಗಿರಬೇಕು. ಮೊದಲೇ ಕೊಟ್ಟವರಾದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು.

ಸಾಲು ನಿಲ್ಲುವಲ್ಲೇ ಪ್ರದರ್ಶನ

ವಿದ್ಯಾರ್ಥಿಗಳ ಪ್ರದರ್ಶನವನ್ನು ಬೇರೆ ಕಟ್ಟಡದಲ್ಲಿ ಇಟ್ಟರೆ ಯಾರೂ ಹೋಗುವುದಿಲ್ಲ. ನೋಂದಣಿಯ ಸಾಲು ಎಲ್ಲಿ ನಿಲ್ಲುತ್ತದೋ ಆ ಗೋಡೆಗೇ ಚಾರ್ಟ್‌ಗಳನ್ನು ಹಾಕಿ. ಕಾಯುವವರಿಗೆ ನೋಡಲು ಏನಾದರೂ ಇದ್ದರೆ ಸೂಜಿಯ ಹೆದರಿಕೆ ಅರ್ಧ ಕಡಿಮೆ. ಜೀವವಿಜ್ಞಾನದ ಮಕ್ಕಳು 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿದ ಕತೆ ಬರೆಯಲಿ. 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಬಾಂಬೆ ರಕ್ತದ ಗುಂಪಿನ ಬಗ್ಗೆ ಒಂದು ಚಾರ್ಟ್ ಇರಲಿ. ಆ ಗುಂಪಿನವರಿಗೆ ‘ಓ’ ಗುಂಪಿನ ರಕ್ತವೂ ಆಗುವುದಿಲ್ಲ ಅಂದರೆ ಎಲ್ಲರೂ ನಿಂತು ಓದುತ್ತಾರೆ. ದುಡ್ಡಿಗೆ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟ್ ಆದೇಶದಂತೆ 1998ರ ಜನವರಿ 1ರಿಂದ ನಿಲ್ಲಿಸಿದ್ದನ್ನು ಕಾನೂನು ವಿಭಾಗದವರು ವಿವರಿಸಬಹುದು.

ನನಗೆ ತುಂಬಾ ಇಷ್ಟವಾದದ್ದು ಒಂದು ಸರಳ ಮಾದರಿ. ಮೇಜಿನ ಮೇಲೆ ಒಂದೊಂದು ಲೀಟರಿನ ಐದು ಬಾಟಲಿ, ಎಲ್ಲದರಲ್ಲೂ ಕೆಂಪು ಬಣ್ಣದ ನೀರು. ದೊಡ್ಡವರ ಮೈಯಲ್ಲಿ ಇರುವುದು ಸುಮಾರು ಅಷ್ಟು ರಕ್ತ. ಪಕ್ಕದಲ್ಲಿ 350 ಮಿಲಿಲೀಟರಿನ ಒಂದು ಪುಟ್ಟ ಬಾಟಲಿ. ಕೊಡುವುದು ಇಷ್ಟೇ, ಹೆಚ್ಚೆಂದರೆ 450. ಮಾತೇ ಬೇಕಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ: ರಕ್ತದ ಗುಂಪು ನೋಡುತ್ತೇವೆ ಅಂತ ವಿದ್ಯಾರ್ಥಿಗಳು ಯಾರ ಬೆರಳಿಗೂ ಸೂಜಿ ಚುಚ್ಚಬಾರದು.

ಆ ದಿನ

ವೇದಿಕೆ ಕಾರ್ಯಕ್ರಮ ಬೇಡವೇ ಬೇಡ ಅನ್ನುತ್ತೇನೆ. ನಾನು ಕಂಡ ಒಂದು ಶಿಬಿರದಲ್ಲಿ ಅತಿಥಿಗಳು ಬರುವುದು ತಡವಾಗಿ, ಒಂಬತ್ತಕ್ಕೆ ಬಂದ ಮಕ್ಕಳು ಹನ್ನೆರಡರವರೆಗೆ ಕಾದರು. ಹಾಸ್ಟೆಲ್‌ನಿಂದ ತಿಂಡಿ ಬಿಟ್ಟು ಓಡಿ ಬಂದಿದ್ದರು. ರಕ್ತ ಕೊಟ್ಟು ಎದ್ದ ಇಬ್ಬರು ಹುಡುಗಿಯರು ತಲೆಸುತ್ತಿ ಬಿದ್ದರು. ಅವರು ಕಣ್ಣು ಬಿಡುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಸಾಲಿನಲ್ಲಿದ್ದ ಉಳಿದವರಲ್ಲಿ ಅರ್ಧ ಜನ ಹಾಗೇ ಹೊರಟುಹೋದರು. ತಪ್ಪು ಅವರದಲ್ಲ.

ಹಾಗಾಗಿ ಮೆಸ್ ಮತ್ತು ವಾರ್ಡನ್ ಜೊತೆ ಮೊದಲೇ ಮಾತಾಡಿ, ತಿಂಡಿ ಬೇಗ ಸಿಗುವಂತೆ ಮಾಡಿ. ಉಪವಾಸ ಇರುವವರು ಆ ದಿನ ಕೊಡುವುದು ಬೇಡ. ನೋಂದಣಿ ಮೇಜಿನಲ್ಲೇ ‘ತಿಂಡಿ ಆಯ್ತಾ?’ ಅಂತ ಕೇಳಿ, ನೀರು ಕೊಡಿ. ಅರ್ಧರ್ಧ ಗಂಟೆಯ ಹೊತ್ತು ಹಂಚಿಕೊಟ್ಟರೆ ಸಾಲು ಉದ್ದವಾಗುವುದಿಲ್ಲ. ವೈದ್ಯರು ಮಾತಾಡಿಸುವ ಜಾಗಕ್ಕೆ ಪರದೆ ಇರಲಿ. ಅಲ್ಲಿ ಕೇಳುವ ಪ್ರಶ್ನೆಗಳು ಸ್ನೇಹಿತರ ಕಿವಿಗೂ ಬೀಳಬಾರದು. ಸೂಜಿ ಚುಚ್ಚಿದ ಮೇಲೆ ರಕ್ತ ತೆಗೆಯಲು ಹಿಡಿಯುವುದು ಹತ್ತು ನಿಮಿಷವೋ ಇನ್ನೂ ಕಡಿಮೆಯೋ. ಮಂಚದಿಂದ ಎದ್ದವರನ್ನು ಮಾತ್ರ ಒಬ್ಬ ಸ್ವಯಂಸೇವಕ ಕೈಹಿಡಿದು ಫಲಾಹಾರದ ಜಾಗಕ್ಕೆ ಕರೆದೊಯ್ಯಲಿ. ಬಾಳೆಹಣ್ಣು, ಬಿಸ್ಕತ್ತು, ಜ್ಯೂಸ್ ತೆಗೆದುಕೊಂಡು ಸ್ವಲ್ಪ ಹೊತ್ತು ಕೂತೇ ಹೋಗಬೇಕು.

ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸು ಕಳಿಸುವವರಲ್ಲಿ ಹುಡುಗಿಯರೇ ಜಾಸ್ತಿ. ಅವರು ಮುಖ ಸಣ್ಣದು ಮಾಡಿಕೊಂಡು ಹೋಗುವುದನ್ನು ನೋಡಿದ್ದೇನೆ. ಅವರಿಗೂ ಅದೇ ಬಾಳೆಹಣ್ಣು, ಅದೇ ಬ್ಯಾಡ್ಜ್ ಕೊಡಿ. ಕ್ಯಾಂಪಸ್ ಆರೋಗ್ಯ ಕೇಂದ್ರಕ್ಕೆ ಅವರ ಜೊತೆ ಒಬ್ಬರನ್ನು ಕಳಿಸಿ. ತಮ್ಮ ಹಿಮೋಗ್ಲೋಬಿನ್ ಎಷ್ಟು ಅಂತ ಅವರಿಗೆ ಗೊತ್ತಾಗಿದ್ದೇ ಅವತ್ತು.

ಮುಗಿದ ಮೇಲೆ

ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ನಡೆಯುತ್ತದೆ. ಫಲಿತಾಂಶ ದಾನಿ ಮತ್ತು ರಕ್ತ ಕೇಂದ್ರದ ನಡುವೆ ಇರಬೇಕು. ವಿಭಾಗಕ್ಕಾಗಲಿ, ಎನ್‌ಎಸ್‌ಎಸ್ ಅಧಿಕಾರಿಗಾಗಲಿ ಆ ಪಟ್ಟಿ ಬೇಡ. ನೀವು ಇಟ್ಟುಕೊಳ್ಳಬೇಕಾದದ್ದು ಎರಡು ಪಟ್ಟಿ. ಒಂದರಲ್ಲಿ ಕೊಟ್ಟವರ ಹೆಸರು, ಅವರು ಮತ್ತೆ ಯಾವಾಗ ಕೊಡಬಹುದು ಅನ್ನುವ ದಿನ. ಇನ್ನೊಂದರಲ್ಲಿ ಮುಂದಿನ ಸಲ ಬನ್ನಿ ಅಂತ ಹೇಳಿ ಕಳಿಸಿದವರ ಹೆಸರು, ಫೋನ್ ನಂಬರ್. ಮುಂದಿನ ಶಿಬಿರಕ್ಕೆ ಮೊದಲ ಫೋನ್ ಹೋಗಬೇಕಾದದ್ದು ಇವರಿಗೆ.