ನಿಧಾನವಾಗಿ ಓಡಿಸಿ 1600 ಮೀಟರ್ ಗೆಲ್ಲಿಸಿದ್ದು: ನನ್ನ ಅನುಭವ

ಕೋಲಾರ ತಾಲ್ಲೂಕಿನ ನಮ್ಮ ಊರಿನಲ್ಲಿ ಪೊಲೀಸ್ ಮತ್ತು ಸೇನಾ ನೇಮಕಾತಿಗೆ ಹುಡುಗರನ್ನು ಓಡಿಸಲು ಆರಂಭಿಸಿ ಒಂಬತ್ತು ವರ್ಷಗಳಾದವು. ಕಳೆದ ತಂಡದ 14 ಹುಡುಗರ ಪೈಕಿ 11 ಮಂದಿ 1600 ಮೀಟರ್ ಓಟವನ್ನು ಕಾನ್‌ಸ್ಟೆಬಲ್ ಪರೀಕ್ಷೆಯ ಮಿತಿಯಾದ 6 ನಿಮಿಷ 30 ಸೆಕೆಂಡಿನೊಳಗೆ ಆರಾಮವಾಗಿ ಮುಗಿಸಿದರು. ಅವರಲ್ಲಿ ಮೂವರು ಐದೂವರೆ ನಿಮಿಷದ ಆಸುಪಾಸಿನಲ್ಲಿದ್ದರು. ಅದಕ್ಕಿಂತಲೂ ನನಗೆ ಹೆಮ್ಮೆಯೆನಿಸುವ ಸಂಗತಿಯೆಂದರೆ, ಆ ಐದು ತಿಂಗಳಲ್ಲಿ ಒಬ್ಬನೂ ಕಾಲುನೋವಿನಿಂದ ಮನೆಗೆ ಹೋಗಲಿಲ್ಲ. ಸುತ್ತಮುತ್ತ ಹುಡುಗರನ್ನು ತಯಾರು ಮಾಡುವವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಮೊದಲ ವರ್ಷಗಳ ಸೋಲನ್ನು ಹೇಳಿಯೇ ಮುಂದೆ ಹೋಗಬೇಕು. ಆಗ ನಮ್ಮ ಕೆರೆ ಬತ್ತಿತ್ತು. ಕೆರೆಯ ಅಂಗಳದಲ್ಲಿ ಸುಣ್ಣದ ಪುಡಿ ಹಾಕಿ 400 ಮೀಟರಿನ ಟ್ರ್ಯಾಕ್ ಎಳೆದಿದ್ದೆ. ಅಳತೆಗೆ ಬಳಸಿದ್ದು ಬಾವಿಯ ಹಗ್ಗ. ಹುಡುಗರು ನಾಲ್ಕು ಸುತ್ತನ್ನು 6 ನಿಮಿಷ 15 ಸೆಕೆಂಡಿನಲ್ಲಿ ಮುಗಿಸುತ್ತಿದ್ದುದನ್ನು ಕಂಡು ನಾನು ನಿಶ್ಚಿಂತನಾಗಿದ್ದೆ. ಪರೀಕ್ಷೆಗೆ ಹೋದ ಆರು ಮಂದಿಯಲ್ಲಿ ನಾಲ್ವರು ಕೆಲವೇ ಸೆಕೆಂಡುಗಳ ಅಂತರದಲ್ಲಿ ಸೋತು ಬಂದರು. ಆಮೇಲೆ ಟೇಪು ಹಿಡಿದು ಅಳೆದಾಗ ಒಂದು ಸುತ್ತು ಸುಮಾರು 370 ಮೀಟರ್ ಇದ್ದುದು ತಿಳಿಯಿತು. ನಾಲ್ಕು ಸುತ್ತಿಗೆ 120 ಮೀಟರ್, ಅಂದರೆ ಹತ್ತಿರ ಹತ್ತಿರ ಅರ್ಧ ನಿಮಿಷದ ಓಟ. ಅಂದು ಸೋತ ಒಬ್ಬ ಹುಡುಗನಿಗೆ ವಯೋಮಿತಿಯ ಕೊನೆಯ ಅವಕಾಶ ಅದಾಗಿತ್ತು. ಆ ತಪ್ಪು ಸಂಪೂರ್ಣವಾಗಿ ನನ್ನದು, ಈಗಲೂ ನನ್ನನ್ನು ಕಾಡುತ್ತದೆ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯಲಾರಂಭಿಸಿತು. ಕೆಲವು ಕಾಲದಲ್ಲಿ ನಮ್ಮ ಕೆರೆಯೂ ತುಂಬಿ, ಊರಿಗೆಲ್ಲ ಸಂತೋಷವಾಯಿತು. ನಮ್ಮ ಮೆತ್ತನೆಯ ಟ್ರ್ಯಾಕ್ ಮಾತ್ರ ಮುಳುಗಿತು. ನಾವು ಡಾಂಬರು ರಸ್ತೆಗೆ ಬಂದೆವು. ಆ ವರ್ಷ ಹತ್ತು ಮಂದಿಯಲ್ಲಿ ಐವರಿಗೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಒಳಬದಿಯಲ್ಲಿ ನೋವು ಕಾಣಿಸಿಕೊಂಡಿತು. ಒಬ್ಬನದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಭಾರ ಬಿದ್ದು ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು ಎಂದು ಸ್ಕ್ಯಾನಿನಲ್ಲಿ ತಿಳಿಯಿತು. ಸ್ಕ್ಯಾನಿಗೆ ಆರೇಳು ಸಾವಿರ, ಓಡಾಟ ಮತ್ತು ಔಷಧಿಗೆ ಇನ್ನೊಂದು ಮೂರು ಸಾವಿರ ಖರ್ಚಾಯಿತು. ನಾನು ತಿಂಗಳಿಗೆ ತಲಾ 800 ರೂಪಾಯಿ ಶುಲ್ಕ ಪಡೆಯುತ್ತಿದ್ದವನು. ಆ ಖರ್ಚಿನಲ್ಲಿ ಅರ್ಧವನ್ನು ನಾನೇ ಕೊಟ್ಟೆ. ಮರುತಿಂಗಳು ನಾಲ್ವರು ಬರುವುದನ್ನು ನಿಲ್ಲಿಸಿದರು.

ರಸ್ತೆಯೊಂದನ್ನೇ ದೂರಿದರೆ ಸಾಲದೆಂದು ನನಗೆ ಅರ್ಥವಾದದ್ದು ನನ್ನ ಹಾಜರಿ ಪುಸ್ತಕವನ್ನು ತಿರುವಿದಾಗ. ಐವರಲ್ಲಿ ನಾಲ್ವರ ನೋವು ಶುರುವಾದದ್ದು ನಾಲ್ಕರಿಂದ ಆರನೆಯ ವಾರದೊಳಗೆ. ಅದು ಹುಡುಗರು ಅತ್ಯಂತ ಉತ್ಸಾಹದಲ್ಲಿರುವ ಕಾಲ. ಮೊದಲ ಎರಡು ವಾರಗಳಲ್ಲಿಯೇ ರಕ್ತದ ನೀರಿನಂಶ ಹೆಚ್ಚುತ್ತದೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಆರಂಭಿಸುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಆದ್ದರಿಂದ ಹುಡುಗ ತಾನು ಸಿದ್ಧನಾದೆನೆಂದು ಭಾವಿಸುತ್ತಾನೆ. ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಇದಕ್ಕೆ ಸುಮಾರು ಮೂರು ವಾರ ಹಿಡಿಯುತ್ತದೆ. ಆ ಜಾಗವನ್ನು ಹೊಸ ಮೂಳೆಯಿಂದ ತುಂಬಲು ಸುಮಾರು ಮೂರು ತಿಂಗಳು ಬೇಕು. ಅಂದರೆ ಉಸಿರು ಗಟ್ಟಿಯಾದ ಹೊತ್ತಿಗೆ ಸರಿಯಾಗಿ ಮೂಳೆ ತಾತ್ಕಾಲಿಕವಾಗಿ ದುರ್ಬಲವಾಗಿರುತ್ತದೆ, ನಾವು ಅದೇ ವಾರ ವೇಗದ ಸುತ್ತುಗಳನ್ನು ಹಾಕಿಸುತ್ತೇವೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಸೇರಿಸುವ ಗಟ್ಟಿ ನಾರು) ಕೂಡ ಮಾಂಸಖಂಡಕ್ಕಿಂತ ಬಹಳ ನಿಧಾನವಾಗಿ ಗಟ್ಟಿಯಾಗುತ್ತದೆ.

ಆದ್ದರಿಂದ ನಾನು ಕ್ರಮವನ್ನೇ ಬದಲಿಸಿದೆ. ಮೊದಲ ಎಂಟು ವಾರ ವೇಗದ ಓಟವೇ ಇಲ್ಲ; ಪಕ್ಕದವನೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನದ ಓಟ, ನಡುನಡುವೆ ನಡಿಗೆ. ಡಾಂಬರು ಬಿಟ್ಟು ಕೆರೆ ಏರಿಯ ಮಣ್ಣಿನ ದಾರಿ ಮತ್ತು ಮಾವಿನ ತೋಪಿನ ಬದಿಯಲ್ಲಿ ಓಡಿಸಿದೆ. ನಾಲ್ಕನೆಯ ಮತ್ತು ಐದನೆಯ ವಾರಗಳಲ್ಲಿ ದೂರವನ್ನು ಅರ್ಧಕ್ಕಿಳಿಸಿದೆ. ಒಂಬತ್ತನೆಯ ವಾರದಿಂದ ವಾರಕ್ಕೊಮ್ಮೆ ಮಾತ್ರ 400 ಮೀಟರಿನ ವೇಗದ ಸುತ್ತುಗಳು, ನಾಲ್ಕರಿಂದ ಆರಂಭಿಸಿ ಏಳರವರೆಗೆ. ಹದಿನಾಲ್ಕನೆಯ ವಾರದ ನಂತರ ವಾರಕ್ಕೆ ಎರಡು ಸಲ.

ವಿರೋಧ ಬಂದದ್ದು ಮನೆಗಳಿಂದ. ‘ದುಡ್ಡು ಕೊಟ್ಟು ನಡೆಯೋದಕ್ಕೆ ಕಳಿಸಬೇಕಾ ಸಾರ್?’ ಎಂದು ಒಬ್ಬ ಹುಡುಗನ ತಂದೆ ಎಲ್ಲರೆದುರಿಗೆ ಕೇಳಿದರು. ನಮ್ಮೂರಿನ ನಿವೃತ್ತ ಹವಾಲ್ದಾರರೊಬ್ಬರು, ಬಾಯಲ್ಲಿ ನೊರೆ ಬರದಿದ್ದರೆ ಅದು ತರಬೇತಿಯೇ ಅಲ್ಲವೆಂದು ಹುಡುಗರಿಗೆ ಹೇಳುತ್ತಿದ್ದರು. ಅವರಿಗೆ ನಾನು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅವರ ವಿಷಯ ಹೇಳಿದೆ. ಅವರು 800 ಮೀಟರ್ ಓಟಗಾರ ಪೀಟರ್ ಸ್ನೆಲ್‌ರಿಂದಲೂ ವಾರಕ್ಕೆ ನೂರು ಮೈಲಿ ಓಡಿಸುತ್ತಿದ್ದರು, ಸ್ನೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು. 1600 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ಮಾಂಸಖಂಡದಲ್ಲಿ ಸೂಕ್ಷ್ಮ ರಕ್ತನಾಳಗಳೂ ಮೈಟೊಕಾಂಡ್ರಿಯಗಳೂ (ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗಗಳು) ಹೆಚ್ಚುವುದು ವಾರಗಟ್ಟಲೆಯ ನಿಧಾನ ಓಟದಿಂದಲೂ ಸಾಧ್ಯ. ಹವಾಲ್ದಾರರು ಆಗ ಒಪ್ಪಲಿಲ್ಲ. ಫಲಿತಾಂಶ ಬಂದ ಮೇಲೆ ತಮ್ಮ ತಂಗಿಯ ಮಗನನ್ನು ನನ್ನಲ್ಲಿಗೇ ಕಳಿಸಿದರು.

ಪ್ರತಿ ಹುಡುಗನೂ ಬೆಳಿಗ್ಗೆ ಹಾಸಿಗೆಯಲ್ಲಿಯೇ ಒಂದು ನಿಮಿಷ ನಾಡಿ ಎಣಿಸಿ ಬರೆದು ತರಬೇಕೆಂಬುದು ನಮ್ಮ ನಿಯಮ. ಸಾಮಾನ್ಯವಾಗಿ 76–78ರಲ್ಲಿ ಆರಂಭವಾದದ್ದು ಹತ್ತನೆಯ ವಾರಕ್ಕೆ 60ರ ಹತ್ತಿರ ಬರುತ್ತಿತ್ತು. ಒಂದು ದಿನ ಏಳೆಂಟು ಬಡಿತ ಏರಿದ್ದರೆ ಅವನಿಗೆ ಅಂದು ಓಟವಿಲ್ಲ. ಬಹಳ ಸಲ ಅದು ಜ್ವರದ ಮುನ್ಸೂಚನೆಯೋ ರಾತ್ರಿ ಟೊಮೆಟೊ ಲಾರಿಗೆ ಲೋಡ್ ಮಾಡಿ ನಿದ್ದೆಗೆಟ್ಟ ಗುರುತೋ ಆಗಿರುತ್ತಿತ್ತು.

ಇದರ ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿಸುವುದಕ್ಕಿಂತ ಇಳಿಸುವುದೇ ತೊಡೆಗೆ ಕಠಿಣವೆಂದು ಮೊದಲ ದಿನವೇ ತಿಳಿಯಿತು: ಎರಡು ದಿನ ಯಾರೂ ಸರಿಯಾಗಿ ಕೂತು ಏಳಲಾಗಲಿಲ್ಲ. ಎರಡು ವಾರ ಬಿಟ್ಟು ಅಷ್ಟೇ ಮೆಟ್ಟಿಲು ಇಳಿಸಿದಾಗ ನೋವು ಕಾಲುಭಾಗವೂ ಇರಲಿಲ್ಲ. ದೇಹ ಒಂದೇ ಪಾಠದಿಂದ ಅಷ್ಟು ಕಲಿಯುತ್ತದೆ ಎಂಬುದು ನನಗೆ ಈಗಲೂ ಬೆರಗಿನ ವಿಷಯ.

ಬಿಸಿಲಿನ ಪ್ರಯೋಗ ಹೆಚ್ಚು ಲಾಭ ತಂದಿತು. ನಾವು ಬೆಳಗಿನ ಐದೂವರೆಗೆ ಓಡುತ್ತೇವೆ, ಪರೀಕ್ಷೆಯಲ್ಲಿ ಸರದಿ ಬರುವಾಗ ಹತ್ತೂವರೆ ಆಗಿರುತ್ತದೆ. ಹಾಗಾಗಿ ಪರೀಕ್ಷೆಗೆ ಮುನ್ನ ಹತ್ತು ಹನ್ನೆರಡು ದಿನ ಬಿಸಿಲಿನಲ್ಲಿ ಮೆಲ್ಲಗೆ ಓಡಿಸಿದೆ. ಮೊದಲ ಮೂರು ದಿನ ಎಲ್ಲರೂ ಬಳಲಿದರು, ಒಂದು ವಾರದ ನಂತರ ಬೆವರು ಬೇಗನೆ ಬರಲಾರಂಭಿಸಿ ಬಡಿತ ಇಳಿಯಿತು. ನೀರು, ಉಪ್ಪು ಬೆರೆಸಿದ ಮಜ್ಜಿಗೆ, ನೆರಳು ಕೈಗೆಟಕುವಂತಿಲ್ಲದೆ ಇದನ್ನು ಯಾರೂ ಮಾಡಬಾರದು. ಪರೀಕ್ಷೆಯ ಹಿಂದಿನ ಐದು ದಿನ ನಾನು ಏನು ಮಾಡಿಸುತ್ತೇನೆ, ಮೂರನೆಯ ಸುತ್ತನ್ನು ಹೇಗೆ ಓಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹುಡುಗರಿಗೆ ಸೇರಿದ್ದು.

ಹಣ ವ್ಯರ್ಥವಾದದ್ದು ಪ್ರೋಟೀನ್ ಪುಡಿಯ ಡಬ್ಬಿಗಳಲ್ಲಿ. ಒಂದಕ್ಕೆ 2,800 ರೂಪಾಯಿಯಂತೆ ನಾಲ್ಕು ತರಿಸಿದ್ದೆ. ಮುದ್ದೆ, ಹುರುಳಿಕಾಳಿನ ಸಾರು, ಎರಡು ಮೊಟ್ಟೆ ಮತ್ತು ಹಾಲಿನಲ್ಲಿದ್ದ ತಂಡಕ್ಕೂ ಪುಡಿ ಕುಡಿದ ತಂಡಕ್ಕೂ ನನ್ನ ಪುಸ್ತಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಹಣದಲ್ಲಿ ಎಲ್ಲರಿಗೂ ರಕ್ತಪರೀಕ್ಷೆ ಮಾಡಿಸಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಮಹಿಳೆಯರ ಪರೀಕ್ಷೆಯ 400 ಮೀಟರಿಗೆ ತಯಾರಾಗುತ್ತಿದ್ದ ಹುಡುಗಿಯೊಬ್ಬಳು ಎರಡು ತಿಂಗಳಾದರೂ 2 ನಿಮಿಷದ ಮಿತಿಗೆ ಇಳಿಯದಿದ್ದಾಗ ಅವಳನ್ನು ಸೋಮಾರಿ ಎಂದು ಗದರಿದ್ದೆ. ಆಮೇಲೆ ರಕ್ತಪರೀಕ್ಷೆಯಲ್ಲಿ ನೋಡಿದರೆ ಅವಳ ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಒಯ್ಯುವ ಅಂಶ) 9ರ ಹತ್ತಿರವಿತ್ತು, ಅಂದರೆ ಕಡಿಮೆಯಿತ್ತು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ತೆಗೆದುಕೊಂಡು, ಊಟದ ಜೊತೆಗಿನ ಚಹಾ ಬಿಟ್ಟು, ಮೂರು ತಿಂಗಳಲ್ಲಿ 12ಕ್ಕೆ ಬಂದಳು. 1 ನಿಮಿಷ 40 ಸೆಕೆಂಡಿನೊಳಗೆ ಓಡಿದಳು. ನಾನು ಅವಳ ಕ್ಷಮೆ ಕೇಳಿದೆ. ಇದಕ್ಕೆ ತದ್ವಿರುದ್ಧವಾಗಿ, ಹುಡುಗನೊಬ್ಬನ ಹಿಮೋಗ್ಲೋಬಿನ್ ಆರು ವಾರದಲ್ಲಿ 14.5ರಿಂದ 13.8ಕ್ಕೆ ಇಳಿದು ಮನೆಯವರು ಗಾಬರಿಯಾಗಿದ್ದರು. ವೈದ್ಯರು ನೋಡಿ, ರಕ್ತದ ನೀರಿನಂಶ ಹೆಚ್ಚಿ ಅಂಕಿ ತೆಳುವಾಗಿದೆ ಅಷ್ಟೇ ಎಂದರು. ಅವನ ಸಮಯ ಪ್ರತಿ ವಾರವೂ ಸುಧಾರಿಸುತ್ತಲೇ ಇತ್ತು.

ಹೊಸ ತಂಡ ಮಾವಿನ ಕೊಯ್ಲು ಮುಗಿದ ಮೇಲೆ ಸೇರಲಿದೆ. ಕೊಯ್ಲಿನ ಮೂರು ವಾರ ಓಟ ಬಿಟ್ಟ ಹಳೆಯ ಹುಡುಗರ ಉಸಿರು ಕುಸಿದಿರುತ್ತದೆಂದು ನನಗೆ ಗೊತ್ತು, ಅವರನ್ನೂ ಒಂದು ವಾರ ಹೊಸಬರ ಜೊತೆ ನಡೆಸಿಯೇ ಮುಂದಕ್ಕೆ ಬಿಡುತ್ತೇನೆ. ಏರಿಯ ಮೇಲಿನ ದಾರಿಯನ್ನು ಕಳೆದ ಭಾನುವಾರ ಉಕ್ಕಿನ ಟೇಪಿನಿಂದ ಎರಡು ಸಲ ಅಳೆದು ಕಲ್ಲು ನೆಟ್ಟಿದ್ದೇನೆ.