ಟಾರ್ಚ್ ಸೆಲ್‌ಗೆ ಚಾರ್ಜರ್: ನಾನು ಆರಿಸುವ, ಪರೀಕ್ಷಿಸುವ ರೀತಿ

ನಮ್ಮ ಕಡೆ ಟಾರ್ಚನ್ನೇ ಬ್ಯಾಟರಿ ಅನ್ನುವ ರೂಢಿ. ಗೊಂದಲವಾಗದಿರಲೆಂದು ಒಳಗೆ ಕೂರುವುದನ್ನು ಇಲ್ಲಿ ಸೆಲ್ ಎಂದೇ ಬರೆಯುತ್ತೇನೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಹಾಕಲು ಹೋಗುವ ಹಲವರ ಕೈಯಲ್ಲಿ ಈಗ 18650 ಸೆಲ್ಲಿನ ಟಾರ್ಚ್ ಇದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಅಯಾನ್ ಸೆಲ್ ಅದು. ಟಾರ್ಚನ್ನು ನೋಡಿ ನೋಡಿ ಕೊಂಡವರು ಚಾರ್ಜರ್ ಮಾತ್ರ ಕೈಗೆ ಸಿಕ್ಕಿದ್ದನ್ನು ತರುತ್ತಾರೆ.

ಚಾರ್ಜರ್ ನೋಡುವ ಮೊದಲು ಸೆಲ್ಲಿನ ಮೇಲಿನ ಬರಹ ಓದುತ್ತೇನೆ. 3.6 ಅಥವಾ 3.7 ವೋಲ್ಟ್ ಎಂದಿದ್ದರೆ ಅದು ತುಂಬುವುದು 4.20 ವೋಲ್ಟಿಗೆ. 3.2 ವೋಲ್ಟ್ ಎಂದಿದ್ದರೆ ಲಿಥಿಯಂ ಐರನ್ ಫಾಸ್ಫೇಟ್. ಸೋಲಾರ್ ದೀಪಗಳಲ್ಲಿ ಬರುವುದು ಇದೇ. ಅಳತೆ, ಆಕಾರ ಎಲ್ಲ ಒಂದೇ ಇದ್ದರೂ ಇದರ ಮಿತಿ 3.65 ವೋಲ್ಟ್, ಹಾಗಾಗಿ 4.2ರ ಚಾರ್ಜರಿಗೆ ಹಾಕಬಾರದು. 14500 ಸೆಲ್ ಗಡಿಯಾರದ ಡಬಲ್ ಎ ಸೆಲ್ಲಿನಂತೆಯೇ ಕಾಣುತ್ತದೆ, ಆದರೆ 3.7 ವೋಲ್ಟಿನದು. 1.2 ವೋಲ್ಟಿನ ನಿಕಲ್ ಸೆಲ್ಲನ್ನು ಲಿಥಿಯಂಗೆ ಮಾತ್ರ ಮಾಡಿದ ಚಾರ್ಜರಿಗೆ ಹಾಕಿದರೆ ಅದು ಕಾದು ಸೋರುತ್ತದೆ. 18650ರ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಎಂದು ಬರೆದಿದ್ದರೆ ಆ ಸೆಲ್ಲನ್ನೇ ಕೊಳ್ಳುವುದಿಲ್ಲ. ಈ ಅಳತೆಯಲ್ಲಿ ಒಳ್ಳೆಯ ಸೆಲ್ ಕೊಡುವುದು ಹೆಚ್ಚೆಂದರೆ 3500ರ ಆಸುಪಾಸು.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಹಿಂಭಾಗದಲ್ಲಿ ಮಡಚುವ ಪಿನ್ ಇದ್ದು ನೇರ ಗೋಡೆಯ ಸಾಕೆಟ್ಟಿಗೆ ಹಾಕುವ ಅಗ್ಗದ ಟಾರ್ಚಿಗೆ. ಇಂಥ ಹಲವು ಟಾರ್ಚ್‌ಗಳನ್ನು ಬಿಚ್ಚಿದರೆ ಗೋಡೆಯ ಕರೆಂಟಿನಿಂದ ಬೇರ್ಪಡಿಸಿ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 400 ವೋಲ್ಟಿನ, 105 ಎಂದು ಗುರುತಿರುವ ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಒಂದೆರಡು ರೆಸಿಸ್ಟರ್, ಅಷ್ಟೇ. 105 ಅಂದರೆ 1 ಮೈಕ್ರೋಫ್ಯಾರಡ್. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದು ಸುಮಾರು 70 ಮಿಲಿಆಂಪ್ ಬಿಡುತ್ತದೆ. ಸೆಲ್ ತುಂಬಿದರೂ ಆ ಕರೆಂಟ್ ನಿಲ್ಲುವುದಿಲ್ಲ. ಒಳಗೆ 4 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ ಇರುವವರೆಗೆ ಹೆಚ್ಚಾಗಿ ಅದು ಒಣಗಿ ಉಬ್ಬಿ ಹಾಳಾಗುತ್ತದೆ. ಅದು ಸತ್ತ ಮೇಲೆ ಅದೇ ಜಾಗಕ್ಕೆ 18650 ಬೆಸುಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 4.2 ದಾಟಿದ ಮೇಲೂ ಕರೆಂಟ್ ಹರಿಯುತ್ತಿದ್ದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಅನಿಲ ಹುಟ್ಟುತ್ತದೆ, ಕೊನೆಗೆ ಬೆಂಕಿ. ಇನ್ನೊಂದು ಅಪಾಯ: ಚಾರ್ಜಿಗೆ ಹಾಕಿದಷ್ಟು ಹೊತ್ತು ಒಳಗಿನ ಪ್ರತಿ ಲೋಹದ ಭಾಗವೂ ಮೇನ್ಸ್‌ಗೆ ನೇರ ಸೇರಿರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಜೀವಕ್ಕೇ ಕುತ್ತು.

ಆದ್ದರಿಂದ ನಾನು ಎರಡು ಕೆಲಸವನ್ನೂ ಬೇರೆ ಬೇರೆ ಮಾಡಿಬಿಟ್ಟಿದ್ದೇನೆ. 230 ವೋಲ್ಟನ್ನು 5 ವೋಲ್ಟಿಗೆ ಇಳಿಸುವುದು ಒಳ್ಳೆಯ ಮೊಬೈಲ್ ಅಡಾಪ್ಟರಿನ ಕೆಲಸ. ಸೆಲ್ ತುಂಬುವುದು ಯುಎಸ್‌ಬಿಯಿಂದ ನಡೆಯುವ, ಸೆಲ್ ಕೂರಿಸುವ ಬೇ (ಗೂಡು) ಇರುವ ಚಾರ್ಜರಿನ ಕೆಲಸ. ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರೊಂದಿಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಹೆಸರು ತಾಳೆಯಾಗದಿದ್ದರೆ ಅಡಾಪ್ಟರ್ ವಾಪಸ್.

ಕರೆಂಟ್ ಎಷ್ಟಿರಬೇಕು? ಸೆಲ್ಲಿನ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಬೇಡ. 2600 ಎಂಎಎಚ್ ಸೆಲ್ಲಿಗೆ 1.3 ಆಂಪ್ ಮೇಲ್ಮಿತಿ. ನಾನು 1 ಆಂಪ್ ದಾಟಿಸುವುದಿಲ್ಲ, 14500ರಂಥ ಸಣ್ಣ ಸೆಲ್ಲಿಗೆ 300 ಮಿಲಿಆಂಪ್ ಸಾಕು. ಅಂಗಡಿಯಲ್ಲಿ ಸಿಗುವ, ಲಿಥಿಯಂ ಸೆಲ್ ತುಂಬುವ ಟಿಪಿ4056 ಚಿಪ್ಪಿನ ಬೋರ್ಡ್ ಬಳಸುವವರು ಗಮನಿಸಿ: ಅದರ 1.2 ಕಿಲೋಓಮ್ ರೆಸಿಸ್ಟರ್ 1 ಆಂಪ್ ಕೊಡುತ್ತದೆ, ಚಿಪ್ ಮುಟ್ಟಲಾಗದಷ್ಟು ಕಾಯುತ್ತದೆ. 2.4 ಕಿಲೋಓಮ್ ಹಾಕಿದರೆ ಅರ್ಧ ಆಂಪಿಗೆ ಇಳಿಯುತ್ತದೆ. ಹೊತ್ತು ಹೆಚ್ಚಾದರೂ ಬೋರ್ಡ್ ತಣ್ಣಗಿರುತ್ತದೆ.

ಹೊಸ ಚಾರ್ಜರ್ ಬಂದ ದಿನ ಮಲ್ಟಿಮೀಟರ್ ಹಿಡಿದು ಕೂರುತ್ತೇನೆ. ಮೊದಲು ಪ್ಲಗ್ ಹಾಕದೆ, ಸೆಲ್ ಇಡದೆ ಎರಡು ಬೇಗಳ ಪ್ಲಸ್ ತುದಿಗಳ ನಡುವೆ ಬೀಪ್ ಪರೀಕ್ಷೆ. ಬೀಪ್ ಬಂದರೆ ಬೇಗಳು ಒಳಗೊಳಗೇ ಜೋಡಿಕೊಂಡಿವೆ ಎಂದರ್ಥ: ಒಂದರಲ್ಲಿ ತುಂಬಿದ ಸೆಲ್, ಇನ್ನೊಂದರಲ್ಲಿ ಖಾಲಿ ಸೆಲ್ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಕರೆಂಟ್ ನುಗ್ಗುತ್ತದೆ. ಮೈನಸ್ ತುದಿಗಳ ನಡುವೆ ಬೀಪ್ ಬಂದರೆ ಚಿಂತೆಯಿಲ್ಲ. ಖಾಲಿ ಬೇಯ ವೋಲ್ಟೇಜ್ ಅಳೆದು ತೀರ್ಮಾನಕ್ಕೆ ಬರಬೇಡಿ; ಸೆಲ್ ಇಲ್ಲದಾಗ ಅಂಕಿ ಕುಣಿಯುವುದುಂಟು.

ನಂತರ ಒಳ್ಳೆಯ ಸೆಲ್ ಇಟ್ಟು, ಅಡಾಪ್ಟರ್ ಮತ್ತು ಚಾರ್ಜರ್ ನಡುವೆ, ಹರಿಯುವ ಕರೆಂಟ್ ತೋರಿಸುವ ಯುಎಸ್‌ಬಿ ಮೀಟರ್ ಸಿಕ್ಕಿಸುತ್ತೇನೆ. ಹಸಿರು ದೀಪ ಬಂದ ಕೂಡಲೇ ಸೆಲ್ ಬೇಯಲ್ಲಿರುವಾಗಲೇ ವೋಲ್ಟೇಜ್ ಅಳೆಯಬೇಕು. 4.15ರಿಂದ 4.22 ಸರಿ. 4.25 ದಾಟಿದರೆ ಆ ಚಾರ್ಜರ್ ಬೇಡ. ಅದನ್ನು ಹಾಗೇ ಇನ್ನೊಂದು ಗಂಟೆ ಬಿಟ್ಟು ಮತ್ತೆ ಅಳೆಯುತ್ತೇನೆ. ದೀಪ ಹಸಿರಾದರೂ ಒಳಗೆ ಕರೆಂಟ್ ಜಿನುಗುವ ಚಾರ್ಜರ್‌ಗಳು ಸಿಕ್ಕಿಬೀಳುವುದು ಈ ಹಂತದಲ್ಲೇ: ವೋಲ್ಟೇಜ್ ಮೆಲ್ಲಗೆ ಏರಿರುತ್ತದೆ, ಯುಎಸ್‌ಬಿ ಮೀಟರ್ ಸೊನ್ನೆಯ ಹತ್ತಿರ ಬಂದಿರುವುದಿಲ್ಲ. ಪ್ರೊಟೆಕ್ಷನ್ (ಮಿತಿ ದಾಟಿದರೆ ಕರೆಂಟ್ ಕಡಿಯುವ ಸಣ್ಣ ಸರ್ಕ್ಯೂಟ್) ಇರುವ ಸೆಲ್ ತಾನೇ ಕಡಿದುಕೊಳ್ಳುತ್ತದೆಂದು ಇಂಥ ಚಾರ್ಜರ್ ಇಟ್ಟುಕೊಳ್ಳಬಾರದು. ಆ ಸರ್ಕ್ಯೂಟ್ ಕಡಿಯುವುದೇ 4.25 ದಾಟಿದ ಮೇಲೆ. ದಿನಾ ಅದರ ಮೇಲೆ ಭಾರ ಹಾಕುವಂತಿಲ್ಲ.

ಸೆಲ್ ಕಡೆಯಿಂದಲೂ ತಪ್ಪು ಬರಬಹುದು. 2 ವೋಲ್ಟಿಗಿಂತ ಕೆಳಗಿಳಿದು ದಿನಗಟ್ಟಲೆ ಬಿದ್ದಿದ್ದ ಸೆಲ್ಲನ್ನು ನಾನು ಎಬ್ಬಿಸಲು ಹೋಗುವುದಿಲ್ಲ. ಒಳಗಿನ ತಾಮ್ರ ಕರಗಿ, ಮತ್ತೆ ತುಂಬುವಾಗ ಶಾರ್ಟ್ ಆಗಬಹುದು. ಪ್ರೊಟೆಕ್ಷನ್ ಕಡಿದಾಗಲೂ ಮೀಟರ್ ಸೊನ್ನೆ ತೋರಿಸುತ್ತದೆ. ಒಳ್ಳೆಯ ಚಾರ್ಜರಿಗೆ ಹಾಕಿದ ತಕ್ಷಣ 3ರ ಆಸುಪಾಸಿಗೆ ಬಂದರೆ ಅದು ಈ ಬಗೆಯದು. ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ಲನ್ನು ಚಾರ್ಜಿಗೆ ಇಡುವುದಿಲ್ಲ, ಏಕೆಂದರೆ ಲೋಹದ ಡಬ್ಬಿಯೆಲ್ಲ ಮೈನಸ್. ಪ್ಲಸ್ ತುದಿಯ ಅಂಚಿನಲ್ಲಿ ಚಾರ್ಜರಿನ ತಗಡು ತಾಗಿದರೆ ಸಾಕು, ಶಾರ್ಟ್ ಆಗುತ್ತದೆ.

ಚಾರ್ಜ್ ಮಾಡಲು ಈ ಸೆಲ್‌ಗಳ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಆ ಮಿತಿ ಚಾರ್ಜಿಗೆ ಹಾಕುವ ಮೊದಲೇ ಮುಟ್ಟಿರುತ್ತದೆ. ಅಲ್ಲಿ ಸಂಜೆ ತಂಪಾದ ಮೇಲೆ, ಎಚ್ಚರವಿರುವಾಗ, ಹಾಸಿಗೆ ಮತ್ತು ಮೇವಿನಿಂದ ದೂರ, ಕಡಪ ಕಲ್ಲಿನ ಮೇಲೆ ಇಡಿ. ಕೈಯಲ್ಲಿ ಹಿಡಿಯಲಾರದಷ್ಟು ಸೆಲ್ ಬಿಸಿಯಾದರೆ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಸೆಲ್ ಮುಟ್ಟಿ.

ಪರೀಕ್ಷೆಯಲ್ಲಿ ಸೋತ ಚಾರ್ಜರನ್ನು ಗುಜರಿಗೆ ಹಾಗೇ ಕೊಡುವುದಿಲ್ಲ. ಇನ್ನೊಬ್ಬರ ಮನೆಯ ಸಾಕೆಟ್ ಸೇರದಂತೆ ಅದರ ವೈರನ್ನೋ ಪಿನ್ನನ್ನೋ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕುತ್ತೇನೆ. ಸತ್ತ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತುತ್ತೇನೆ.