ಡೀಸೆಲ್ ಕಾಂಪ್ಯಾಕ್ಟ್ ಎಸ್‌ಯುವಿ ಇರುವವರಿಗೆ: ಡಿಪಿಎಫ್ ದೀಪದ ಬಗ್ಗೆ ಒಂದು ಸಲಹೆ

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ, ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಡೀಸೆಲ್ ಎಸ್‌ಯುವಿಗಳಲ್ಲೂ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವನ್ನು ಅಳವಡಿಸಲಾಗುತ್ತಿದೆ. ಆ ಮಸಿ ಸುಟ್ಟು ಶೋಧಕ ಶುಚಿಯಾಗಬೇಕಾದರೆ ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಎರಡು ಕಿಲೋಮೀಟರ್ ದೂರದ ಶಾಲೆಗೆ ಮಕ್ಕಳನ್ನು ಬಿಟ್ಟುಬರುವಷ್ಟರಲ್ಲಿ, ಅದರಲ್ಲೂ ಬೆಂಗಳೂರಿನ ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ, ಅಷ್ಟು ಕಾವು ಬರುವುದೇ ಇಲ್ಲ. ಹೀಗೆ ಮಸಿ ತುಂಬುತ್ತಾ ಹೋದಾಗ ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ದೀಪ ಹೊತ್ತುತ್ತದೆ. ನಮ್ಮ ವಾಹನದಲ್ಲಿ ಈ ದೀಪ ಮೊದಲ ಬಾರಿ ಹೊತ್ತಿದಾಗ ಎಂಜಿನ್ನೇ ಕೆಟ್ಟಿತೆಂದು ಗಾಬರಿಯಾಗಿ ಆಫ್ ಮಾಡಿಬಿಟ್ಟೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧವಾಗಿತ್ತು.

ಡಿಪಿಎಫ್ ದೀಪವೊಂದೇ ಸ್ಥಿರವಾಗಿ ಉರಿಯುತ್ತಿದ್ದರೆ, ವಾಹನದ ಕೈಪಿಡಿಯನ್ನು ಒಮ್ಮೆ ನೋಡಿಕೊಂಡು, ತುಮಕೂರು ರಸ್ತೆಯಂತಹ ಹೆದ್ದಾರಿಯಲ್ಲಿ ಒಂದು ಗೇರ್ ಕೆಳಗಿಟ್ಟು, 2,000 ಆರ್‌ಪಿಎಂಗಿಂತ ಮೇಲೆ, ಸಮವೇಗದಲ್ಲಿ 15ರಿಂದ 20 ನಿಮಿಷ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಅದರ ಜೊತೆಗೆ ಎಂಜಿನ್ ದೀಪವೂ ಹೊತ್ತಿದರೆ ಈ ಪ್ರಯೋಗ ಬೇಡ, ಸರ್ವಿಸ್ ಕೇಂದ್ರಕ್ಕೆ ಕರೆ ಮಾಡಿ. ಶುಚಿಯಾದ ಕೂಡಲೇ ವಾಹನವನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಆ ಕಾವಿಗೆ ಹುಲ್ಲಿಗೆ ಬೆಂಕಿ ಹತ್ತಬಹುದು. ಶುದ್ಧೀಕರಣ ಪದೇ ಪದೇ ಅರ್ಧಕ್ಕೆ ನಿಂತರೆ ಎಂಜಿನ್ ಆಯಿಲ್‌ಗೆ ಡೀಸೆಲ್ ಸೇರುವುದರಿಂದ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದೆಯೇ ಎಂದು ತಿಂಗಳಿಗೊಮ್ಮೆ ಗಮನಿಸಿ. ದಿನದ ಓಡಾಟ ಐದಾರು ಕಿಲೋಮೀಟರ್ ಮಾತ್ರ ಎನ್ನುವವರಿಗೆ ಪೆಟ್ರೋಲ್ ಮಾದರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.